ಮಧ್ಯಾಹ್ನದ ತಪ್ಪು ಉತ್ತರಗಳು

ಆ ಗುರುವಾರ ಮೂರರ ಹೊತ್ತಿಗೆ ನಾನು ಸುಂದರಬಾಯಿಯವರ ಮನೆ ಮುಂದೆ ಆಟೊ ನಿಲ್ಲಿಸುವುದಕ್ಕೂ, ಸುಮನಬಾಯಿ ಮಗಳ ಕೈ ಹಿಡಿದು ಓಡೋಡಿ ಬರುವುದಕ್ಕೂ ಸರಿಹೋಯಿತು. ಹೊಲದ ಕೂಲಿ ಅರ್ಧಕ್ಕೆ ಬಿಟ್ಟು ಬಂದಿದ್ದಳು. ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

"ಬಾಯಾರ, ನನ್ನ ಆಮ್ರಪಾಲಿನ್ನ ಉಳಸ್ರಿ! ಸಂಜಿ ಐದಕ್ಕ ಬಸವಕಲ್ಯಾಣಕ್ಕ ಹೆಸರ ಕಳಸಾಕತ್ತಾರ. ಇಕೀ ಹೆಸರ ತಗದಾರ್ರಿ!"

ಸುಂದರಬಾಯಿ ಮೂವತ್ತು ವರ್ಷ ಹುಮನಾಬಾದ್ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತವರು. ನಿವೃತ್ತಿಯಾದ ಮೇಲೆ ಮಾಣಿಕನಗರದಲ್ಲಿ ಯಾರ ಮನೆಯಲ್ಲಿ ಏನು ಕಳೆದರೂ, ಯಾರ ಮೇಲೆ ಸಂಶಯ ಬಿದ್ದರೂ ಜನ ಅವರ ಬಾಗಿಲಿಗೇ ಬರುತ್ತಿದ್ದರು. ನಾನು ಗೌಸ, ಅವರನ್ನು ಎಲ್ಲ ಕಡೆ ಕರೆದೊಯ್ಯುವವನು. ಅವರಿಗೆ ಎಷ್ಟು ತಾಳ್ಮೆಯೋ ನನಗೆ ಅಷ್ಟು ಅವಸರ.

ದಾರಿಯಲ್ಲಿ ವಿಷಯ ತಿಳಿಯಿತು. ಎಂಟನೇ ತರಗತಿಯ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಟ್ಯಾಬ್ ಕೊಟ್ಟಿದ್ದರು. ಉತ್ತರ ಸರಿಯಾದರೆ ಅದು ಕಠಿಣ ಪ್ರಶ್ನೆ ಕೇಳುತ್ತದೆ, ತಪ್ಪಾದರೆ ಸುಲಭದ್ದಕ್ಕೆ ಇಳಿಯುತ್ತದೆ. ಅದರ ಅಂಕ ನೋಡಿ ಒಂದು ಮಗುವಿಗೆ ಬಸವಕಲ್ಯಾಣದ ವಸತಿ ಶಾಲೆಯಲ್ಲಿ ಪುಕ್ಕಟೆ ಸೀಟು. ಎಲ್ಲರಿಗಿಂತ ಮುಂದಿದ್ದ ಆಮ್ರಪಾಲಿ ಎರಡೇ ವಾರದಲ್ಲಿ ತಳಕ್ಕೆ ಬಿದ್ದಿದ್ದಳು.

"ಮುಂಜಾನಿ ನಾ ಎಲ್ಲಾ ಸರಿ ಮಾಡ್ತೀನ್ರಿ," ಹುಡುಗಿ ಬಿಕ್ಕುತ್ತ ಹೇಳಿದಳು. "ಮರುದಿನ ನೋಡಿದ್ರ ಮತ್ತ ಅ ಆ ಇ ಈ ಕೇಳತದ!"

"ಎರಡನೇ ನಂಬರ್ ಯಾರ?" ನಾನು ಕೇಳಿದೆ.

"ಸರಿತಾ."

"ಮತ್ತೇನ, ಆಕಿಂದೇ ಕೆಲಸ!"

"ಗೌಸ, ಮುಂದ ನೋಡಿ ಹೊಡಿ," ಎಂದರು ಸುಂದರಬಾಯಿ.

ಶಾಲೆಯಲ್ಲಿ ಸತೀಶಕುಮಾರ ಸರ್ ಕೈಚೆಲ್ಲಿದರು. "ಮಷೀನ್ ಸುಳ್ಳ ಹೇಳಂಗಿಲ್ರಿ."

"ಟ್ಯಾಬ್ ಎಲ್ಲಿ ಇಡ್ತೀರಿ?" ಸುಂದರಬಾಯಿ ಕೇಳಿದರು.

"ಎರಡೂವರಿಗಿ ಎಲ್ಲಾರೂ ವಾಪಸ್ ಕೊಟ್ಟು ಆಟಕ್ಕ ಹೋಗ್ತಾರ. ಕ್ಲಾಸಿನ್ಯಾಗ ಸ್ವಿಚ್ ಕೆಟ್ಟಾವ. ಅಡಿಗಿ ಕೋಣ್ಯಾಗ ಚಾರ್ಜಿಗಿ ಹಚ್ತೀವಿ."

ಅಡುಗೆ ಕೋಣೆಯಲ್ಲಿ ಬಿಸಿಯೂಟ ಮಾಡುವ ವಜೀರಬಿ ಮೊರ ಹಿಡಿದು ಕೂತಿದ್ದಳು. ಮಕ್ಕಳಿಗೆಲ್ಲ ಅವಳು ಖಾಲಾ, ಚಿಕ್ಕಮ್ಮ. "ಗುರುವಾರ ಬಂತಂದ್ರ ವಾರದ ಅಕ್ಕಿ ಬ್ಯಾಳಿ ಎಲ್ಲಾ ಹಸನ ಮಾಡಬೇಕ್ರಿ. ತಲಿ ಎತ್ತಾಕ ಪುರಸೊತ್ತಿಲ್ಲ," ಎಂದಳು.

ಸುಂದರಬಾಯಿ ಆಮ್ರಪಾಲಿಯತ್ತ ತಿರುಗಿದರು. "ಕೊಡೂಮುಂದ ನಿನ್ನ ಪಾಠ ಬಂದ್ ಮಾಡ್ತಿ ಏನವಾ?"

"ಇಲ್ರಿ. ಬಂದ್ ಮಾಡಿದ್ರ ಮುಂಜಾನಿ ಮತ್ತ ತೆರಿಯೋದ್ರಾಗ ಅರ್ಧಾ ಪಿರಿಯಡ್ ಹೋಗತದ, ನೆಟ್ ಭಾಳ ನಿಧಾನ. ಉಳದವರು ಬಂದ್ ಮಾಡ್ತಾರ, ನಾ ಹಾಂಗೇ ಇಡ್ತೀನಿ."

ಸರ್ ಹತ್ತಿರ ಆಮ್ರಪಾಲಿಯ ಟ್ಯಾಬಿನ ಉತ್ತರಗಳ ಪಟ್ಟಿ ಇಸಿದುಕೊಂಡು ಸುಂದರಬಾಯಿ ಬಸ್ಸಿನ ವೇಳಾಪಟ್ಟಿ ನೋಡುವ ಹಾಗೆ ಬೆರಳಿಟ್ಟು ನೋಡತೊಡಗಿದರು. ನಾನು ವರಾಂಡದಲ್ಲಿ ಹತ್ತು ಸಲ ತಿರುಗಿದೆ. ಗಂಟೆ ನಾಲ್ಕು ದಾಟಿತು. ನನ್ನ ಚಡಪಡಿಕೆ ನೋಡಲಾರದೆ ಪಟ್ಟಿ ನನಗೂ ತೋರಿಸಿದರು. ಮುಂಜಾನೆಯವಲ್ಲದೆ, ದಿನಾ ಎರಡು ನಲವತ್ತರಿಂದ ಮೂರೂಕಾಲರ ತನಕವೂ ಉತ್ತರಗಳಿದ್ದವು. ಕಳೆದ ಎರಡೂ ಗುರುವಾರ ಮಾತ್ರ ಖಾಲಿ. ಆ ಹೊತ್ತಿನ ಪ್ರತಿ ಪ್ರಶ್ನೆಯ ಪಕ್ಕ, ಅದನ್ನು ದನಿಯಲ್ಲಿ ಕೇಳಿಸಿಕೊಂಡ ಗುರುತು. ಅಕ್ಷರಗಳಲ್ಲಿ ತಪ್ಪೇ ಹೆಚ್ಚು, ಆದರೆ ಕಿಲೋ ಲೀಟರಿನ ಲೆಕ್ಕ ಒಂದೂ ತಪ್ಪಿಲ್ಲ. ನನಗೆ ತಲೆಬುಡ ತಿಳಿಯಲಿಲ್ಲ.

ನಾಲ್ಕೂಕಾಲಿಗೆ ಎಲ್ಲರನ್ನೂ ಅಡುಗೆ ಕೋಣೆಗೆ ಕರೆಸಿದರು. ಸರಿತಾ ಒಳಗೆ ಬರದೆ ಬಾಗಿಲಲ್ಲೇ ನಿಂತಳು. ನಾನು ಅವಳನ್ನು ದಿಟ್ಟಿಸಿ ನೋಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

"ಸರ್ ಒಟ್ಟು ಅಂಕ ನೋಡಿದ್ರು, ಗಂಟಿ ನೋಡ್ಲಿಲ್ಲ," ಸುಂದರಬಾಯಿ ಶುರುಮಾಡಿದರು. "ಈ ತಪ್ಪು ಆಗೂಮುಂದ ಆಮ್ರಪಾಲಿ, ಸರಿತಾ ಇಬ್ರೂ ಬಯಲಾಗ ಆಡಾಕತ್ತಿದ್ರು. ಅಲ್ಲದ ಕೆಡಸಬೇಕು ಅನ್ನಾಕಿ ಕಡೀತನಕ ತಪ್ಪೇ ಮಾಡ್ತಾಳ. ಇಲ್ಲಿ ಮೊದಲ ದಿನ ಒಂದ ಅಕ್ಷರಾನೂ ಬರ್ಲಿಲ್ಲ, ನಿನ್ನಿ ಹತ್ತರಾಗ ಆರ ಶಬ್ದ ಸರಿ ಅದಾವ. ಯಾರೋ ಕಲಿಯಾಕತ್ತಾರ. ಓದಾಕ ಬರಂಗಿಲ್ಲ, ಅದಕ್ಕ ಪ್ರಶ್ನಿ ಕೇಳಿಸ್ಕೋತಾರ. ಆದ್ರ ನೂರು ಮಕ್ಕಳಿಗಿ ಎಷ್ಟ ಕಿಲೋ ಅಕ್ಕಿ ಅಂದ್ರ ಬಾಯಿಲೇ ಹೇಳ್ತಾರ. ಗುರುವಾರ ಅವರಿಗಿ ಪುರಸೊತ್ತಿಲ್ಲ. ತೆರೆದಿದ್ದ ಟ್ಯಾಬ್ ಒಂದೇ, ಅದನ್ನೇ ತಗೊಂಡ್ರು."

ವಜೀರಬಿ ಮೊರ ಕೆಳಗಿಟ್ಟಳು.

"ನಾನೇ ರೀ. ಈ ವಯಸ್ಸಿನಾಗ ಯಾರ ಮುಂದ ಕೂತು ಕಲೀಲಿ? ಅದು ನಗಂಗಿಲ್ಲ, ಬೈಯಂಗಿಲ್ಲ. ತಪ್ಪಿದ್ರ ಮತ್ತ ಹೇಳಿಕೊಡ್ತದ. ಪಾಟಿ ಮ್ಯಾಲ ಬರದಂಗ, ಒರಸಿದ್ರ ಹೋಗತದ ಅನ್ಕೊಂಡಿದ್ದೆ. ಅದು ಎಲ್ಲಾ ಬರಕೊಂಡು ಇಡ್ತದಂತ ಅಲ್ಲಾನ ಆಣಿ ಗೊತ್ತಿರ್ಲಿಲ್ಲ."

"ಖಾಲಾ, ನನ್ನ ಸೀಟ್ ಹೋಗ್ತಿತ್ತಲ್ಲ!" ಆಮ್ರಪಾಲಿ ಚೀರಿದಳು. ತಪ್ಪೇನಿಲ್ಲ, ನಾನಾದರೆ ಇನ್ನೂ ಜೋರಾಗಿ ಚೀರುತ್ತಿದ್ದೆ.

ಸತೀಶಕುಮಾರ ಸರ್ ಬೆವರೊರೆಸಿಕೊಂಡರು. "ಮಧ್ಯಾಹ್ನದ್ದು ತಗದ್ರ ಆಮ್ರಪಾಲಿನೇ ಮೊದಲ. ಆದ್ರ ಬರೇ ನನ್ನ ಮಾತಿನ ಮ್ಯಾಲ ಬಸವಕಲ್ಯಾಣದವರು ಒಪ್ಪಂಗಿಲ್ಲ. ಮಾಡಿದವರೇ ಬರದು ಕೊಡಬೇಕು. ಖಾಲಾ, ಬರದ್ರ ನಿಮ್ಮ ಕೆಲಸಕ್ಕ ಕುತ್ತು ಬರಬಹುದು."

"ಪೆನ್ ಕೊಡ್ರಿ," ಎಂದಳು ವಜೀರಬಿ.

ನೆಲದ ಮೇಲೆ ಕೂತು ಬರೆಯತೊಡಗಿದಳು. ಒಂದೊಂದು ಅಕ್ಷರಕ್ಕೂ ಒಂದು ಯುಗ. ಐದಕ್ಕೆ ಇನ್ನು ಹತ್ತು ನಿಮಿಷ. ಪೆನ್ ಕಸಿದುಕೊಂಡು ನಾನೇ ಬರೆದುಬಿಡೋಣ ಅನ್ನಿಸಿತು. ಸುಂದರಬಾಯಿ ನನ್ನ ತೋಳು ಹಿಡಿದುಕೊಂಡರು. ಆಮ್ರಪಾಲಿ ಕಣ್ಣೊರೆಸಿಕೊಂಡು ಬಂದು, ಫ್ಯಾನಿನ ಗಾಳಿಗೆ ಏಳುತ್ತಿದ್ದ ಕಾಗದದ ಮೂಲೆ ಒತ್ತಿ ಹಿಡಿದಳು. ಕಾಗದದಲ್ಲಿ ಇದ್ದದ್ದು ಇಷ್ಟೇ: "ತಪ್ಪು ಉತ್ತರ ನನ್ನವು. ಸರಿ ಉತ್ತರ ಆಮ್ರಪಾಲಿಯವು. ವಜೀರಬಿ."

ಸರ್ ಅದರ ಫೋಟೋ ತೆಗೆದು ಕಳಿಸಿದರು, ಫೋನ್ ಮಾಡಿ ಎಲ್ಲ ವಿವರಿಸಿದರು. ಆಮೇಲೆ ಕಾಲು ಗಂಟೆ ಕಾದೆವು. ಸುಮನಬಾಯಿ ಗೋಡೆಗೆ ಹಣೆ ಒತ್ತಿ ನಿಂತಿದ್ದಳು.

ಫೋನಿಗೆ ಮೆಸೇಜ್ ಬಂದ ಸದ್ದಾಯಿತು. ಸರ್ ಕನ್ನಡಕ ಹುಡುಕುವುದರೊಳಗೆ ವಜೀರಬಿ ಅದನ್ನು ಎತ್ತಿಕೊಂಡಿದ್ದಳು. ಅಕ್ಷರಗಳ ಮೇಲೆ ಬೆರಳಿಟ್ಟು, ನಿಂತು ನಿಂತು, ದನಿಯೆತ್ತಿ ಓದಿದಳು:

"ಆ... ಮ್ರ... ಪಾ... ಲಿ... ಆ... ಯ್ಕೆ... ಆ... ಗಿ... ದ್ದಾ... ಳೆ."