ಶನಿವಾರದ ಬಾವ

ರತ್ನ ಡಾಕ್ಟರ ಮುಂದೆ ಕೂತು ಕಣ್ಣನ್ನು ಮೆಲ್ಲಗೆ ಎಡಕ್ಕೆ ಹೊರಳಿಸಿದಳು. ರೆಪ್ಪೆ ಅದುರಿತು. ಆಮೇಲೆ ಕತ್ತೂ ಅತ್ತಲೇ ವಾಲಿ, ತುಟಿಯ ತುದಿ ಒಂದಿಷ್ಟು ಓರೆಯಾಯಿತು. ಡಾಕ್ಟರ್ ವೆಂಕಟರವಣ ಮೇಜಿಗೆ ಮೊಣಕೈ ಊರಿ ಅವಳ ಮುಖವನ್ನೇ ನೋಡುತ್ತಾ, "ಇನ್ನೊಂದು ಸಲ ತೋರಿಸಮ್ಮ" ಅಂದರು.

ಬೆಂಚಿನ ಮೇಲೆ ಮಗುವನ್ನು ತೊಡೆಯಲ್ಲಿ ಮಲಗಿಸಿಕೊಂಡಿದ್ದ ಮುನಿನಾರಾಯಣಪ್ಪನಿಗೆ ಮೈಯೆಲ್ಲ ಉರಿಯಿತು. ರತ್ನ ಅವನ ಸೋದರತ್ತೆಯ ಮಗಳು. ತೊಟ್ಟಿಲಲ್ಲಿದ್ದಾಗಲೇ ಅವನಿಗೆ ಅಂತ ಮಾತಾಗಿತ್ತು. ಸಾದಲಿಯಲ್ಲಿ ಸ್ಕೂಲ್ ಮೇಷ್ಟ್ರಾದ ಮೇಲೆ, ಶನಿವಾರ ಬೆಳಗಿನ ಪಾಠ ಮುಗಿಯುತ್ತಲೇ ಶಿಡ್ಲಘಟ್ಟದ ಬಸ್ಸು ಹತ್ತಿ ಬರುತ್ತಿದ್ದ. ಇಂಥದೊಂದು ಓರೆನೋಟಕ್ಕೆ ವರ್ಷಗಟ್ಟಲೆ ಕಾದಿದ್ದ. ಈಗದು ಸಿಕ್ಕಿತ್ತು, ಡಾಕ್ಟರಿಗೆ.

ಅವಳು ತೋರಿಸುತ್ತಿದ್ದುದು ಮಗುವಿನ ಫಿಟ್ಸು ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆಕಿಚ್ಚು ಆರಬೇಕೆಂಬ ಕಾನೂನೇನೂ ಇಲ್ಲ.

ಮಗು ಅಮ್ಮಾಜಿ, ರತ್ನಳ ತೀರಿಹೋದ ಅಕ್ಕನದು. ವರ್ಷ ತುಂಬುವ ಮೊದಲೇ ಜ್ವರದಲ್ಲಿ ಶುರುವಾದ ಫಿಟ್ಸು ಈಗ ಜ್ವರವನ್ನು ಕಾಯುತ್ತಲೂ ಇರಲಿಲ್ಲ. ಮೂರು ವರ್ಷದ ಹುಡುಗಿ ಕಲಿತಿದ್ದ ನಾಲ್ಕು ಮಾತನ್ನೂ ಮರೆಯುತ್ತಿದ್ದಳು.

"ಒಂದ್ಸಲ ಎಡಗಡೆ, ಒಂದ್ಸಲ ಬಲಗಡೆ. ಬಂದ್ರೆ ಬೇಗ ನಿಲ್ಲಲ್ಲ," ಅಂದರು ಡಾಕ್ಟರು. "ಜ್ವರಕ್ಕೆ ಮಕ್ಕಳಿಗೆ ಬರೋ ಸಾಮಾನ್ಯ ಫಿಟ್ಸ್ ಅಲ್ಲಮ್ಮ ಇದು. ಅದಾದ್ರೆ ಮಗು ಬೆಳೀತಾ ನಿಂತುಹೋಗುತ್ತೆ. ಇಂಥದ್ದು ನಾನು ನೋಡ್ತಿರೋದು ಇದೇ ಮೊದಲು, ನನ್ನ ಪುಸ್ತಕಗಳಲ್ಲಿ ಇದಕ್ಕೆ ಹೆಸರೂ ಸಿಗಲಿಲ್ಲ. ಮಾತ್ರೆ ತಪ್ಪಿಸಬೇಡಿ. ಬರೋಕೆ ಮುಂಚೆ ಏನಾಗಿತ್ತು ಅಂತ ಕಣ್ಣಿಟ್ಟು ನೋಡಿ."

ಹೊರಗೆ ಬಂದ ಮೇಲೆ ಮುನಿನಾರಾಯಣಪ್ಪ ತಡೆಯಲಾರದೆ ಕೇಳಿದ, "ಒಂದು ಸಲ ತೋರಿಸಿದ್ರೆ ಸಾಲ್ದಾ?"

"ಎರಡು ಕಡೇನೂ ತೋರಿಸ್ಬೇಡ್ವಾ ಬಾವ?" ರತ್ನ ಮಗುವಿಗೆ ಹೊದಿಸಿದ್ದ ಸೆರಗು ಸರಿಮಾಡುತ್ತಾ ಅಂದಳು. ಅವಳು ನಕ್ಕಳೋ ಇಲ್ಲವೋ, ಅವನಿಗೆ ಕಾಣಲಿಲ್ಲ.

ಮನೆಯಲ್ಲಿ ಅತ್ತೆ ಚಿಕ್ಕವೆಂಕಟಮ್ಮ ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಾ, ತಟ್ಟೆಯಿಂದ ತಲೆಯೆತ್ತದೆ ಮಾತು ತೆಗೆದಳು.

"ನೋಡಪ್ಪ, ಬೇಜಾರು ಮಾಡ್ಕೋಬೇಡ. ಮಗೂಗೆ ಬರೋದು ಶನಿವಾರ. ನೀನು ಬರೋದೂ ಶನಿವಾರ. ನೀನು ಹೊಸಲು ದಾಟೋಕೂ ಅದು ಕಣ್ಣು ಮೇಲೆ ಮಾಡೋಕೂ ಸರಿಹೋಗುತ್ತೆ."

"ನಾನೇನು ಶನೀನಾ ಅತ್ತೆ?"

"ಅಯ್ಯೋ, ಹಾಗಂದ್ನಾ? ಒಂದಷ್ಟು ದಿನ ಬರಬೇಡ ಅಂದೆ. ಲಗ್ನದ ಮಾತೂ ಆಮೇಲೆ ನೋಡಣ."

ಅವನು ರತ್ನಳ ಕಡೆ ನೋಡಿದ. ಅವಳು ಮಾತ್ರೆಯನ್ನು ಪುಡಿಮಾಡಿ ಜೇನುತುಪ್ಪದಲ್ಲಿ ಕಲಸುತ್ತಿದ್ದಳು.

"ಡಾಕ್ಟರು ಮಾತ್ರ ಯಾವ ದಿನ ಬೇಕಾದ್ರೂ ಬರಬಹುದು, ಅಲ್ವಾ?"

"ಅವರು ಬಂದ್ರೆ ಔಷಧಿ ತರ್ತಾರೆ ಬಾವ. ನೀನು ಊದಿಸ್ಕೊಂಡ ಮುಖ ತರ್ತೀಯ."

ಅವನು ಕಾಫಿಯನ್ನೂ ಕುಡಿಯದೆ ಹೊರಟ. ಮುಂದಿನ ಶನಿವಾರ ಹೋಗಲಿಲ್ಲ, ಅದರ ಮುಂದಿನದಕ್ಕೂ ಹೋಗಲಿಲ್ಲ. ಅತ್ತೆ ಮನೆ ಬಾಗಿಲಲ್ಲಿ ಡಾಕ್ಟರ ಸ್ಕೂಟರು ನಿಂತಿರುವುದು ಅವನಿಗೆ ಸಾದಲಿಯಿಂದಲೇ ಕಾಣುತ್ತಿತ್ತು. ಐದನೇ ಕ್ಲಾಸಿನ ಮಕ್ಕಳು ಏನೂ ತಪ್ಪು ಮಾಡದೆ ಬೈಸಿಕೊಂಡರು.

ಎರಡನೇ ಶನಿವಾರದ ಮಾರನೇ ದಿನ, ಬಿಸಿಲೇರಿದ ಮೇಲೆ, ಅಮ್ಮಾಜಿಯನ್ನು ಸೊಂಟಕ್ಕೇರಿಸಿಕೊಂಡು ರತ್ನಳೇ ಬಂದಳು. ಅವನ ಬಾಡಿಗೆ ಕೋಣೆಯ ಜಗುಲಿಯ ಮೇಲೆ ಕೂತು, ಉಸಿರು ಸುಧಾರಿಸಿಕೊಂಡು ಅಂದಳು, "ನೀನಿಲ್ಲದ ಶನಿವಾರಾನೂ ಫಿಟ್ಸು ಬಂತು ಬಾವ."

ಅವನಿಗೆ ಮೊದಲು ಸಂತೋಷವಾಯಿತು. ನಾಚಿಕೆ ಆಮೇಲೆ ಬಂತು, ತಡವಾಗಿ.

"ನೀನಲ್ಲ ಅಂದ್ಮೇಲೆ ಇನ್ನೇನು ಅಂತ ಹುಡುಕ್ದೆ. ಶನಿದೇವರಿಗೆ ಹರಕೆ ಅಂತ ಅಮ್ಮ ಪ್ರತಿ ಶನಿವಾರ ಇವಳಿಗೆ ಎಣ್ಣೆ ಹಚ್ಚಿ, ಹೊಗೆಯಾಡೋ ನೀರು ನೆತ್ತಿ ಮೇಲೆ ಸುರೀತಾಳಲ್ಲ? ನಿನ್ನೆ ಬಚ್ಚಲಲ್ಲಿ ಪಕ್ಕದಲ್ಲೇ ನಿಂತಿದ್ದೆ. ಚೊಂಬಿನ ಮೇಲೆ ಚೊಂಬು ಹುಯ್ತಿದ್ದ ಹಾಗೇ ಕಣ್ಣು ಹೊರಳ್ತು."

"ಫಿಟ್ಸ್ ಬರಬಾರದು ಅಂತ ಮಾಡಿಸೋ ಸ್ನಾನಕ್ಕೇ ಫಿಟ್ಸಾ?"

"ಹೂಂ. ಡಾಕ್ಟರಿಗೆ ಹೇಳಿದ್ರೆ ಕುರ್ಚಿ ಬಿಟ್ಟು ಎದ್ದೇಬಿಟ್ರು. ಇನ್ಮೇಲೆ ಬೆಚ್ಚಗಿನ ನೀರು ಮೈಗೆ ಮಾತ್ರ, ತಲೆ ಒದ್ದೆ ಬಟ್ಟೇಲಿ ಒರೆಸಬೇಕಂತೆ. ಮೈ ಕಾಯದ ಹಾಗೆ ನೋಡ್ಕೋಬೇಕಂತೆ. ಕಡಿಮೆಯಾದೀತು, ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ ಅಂದ್ರು." ಅವಳು ಮಗುವಿನ ಮುಖದ ಬೆವರು ಒರೆಸಿದಳು. "ಇನ್ನೊಂದು ಕೇಳಿದ್ರು."

ಅವನು ಕಿವಿ ನಿಮಿರಿಸಿದ. ಡಾಕ್ಟರು ಮದುವೆಗೇ ಕೇಳಿಬಿಟ್ಟನಾ?

"ಮುಂದೆ ಇವಳನ್ನ ಯಾರು ನೋಡ್ಕೋತಾರೆ ಅಂತ. ನಾನು ಅಂದೆ. ಮದುವೆಯಾದ್ಮೇಲೆ? ಅಂದ್ರು. ಆಗ್ಲೂ ನಾನೇ ಅಂದೆ. ಅದನ್ನ ನಿನಗೂ ಹೇಳ್ಬೇಕಲ್ಲ, ಅದಕ್ಕೇ ಬಂದೆ. ನಾನು ಒಬ್ಳೇ ಬರಲ್ಲ ಬಾವ. ಇವಳೂ ಬರ್ತಾಳೆ, ಇವಳ ಫಿಟ್ಸೂ ಬರುತ್ತೆ. ಆಗಲ್ಲ ಅಂದ್ರೆ ಈಗ್ಲೇ ಅಂದ್ಬಿಡು."

ಇಷ್ಟು ದಿನ ತಾನು ಕಿಚ್ಚುಪಟ್ಟ ಗಂಡಸು ಸುಮ್ಮನೆ ಒಬ್ಬ ಡಾಕ್ಟರು ಎಂಬುದು ಅವನಿಗೆ ಆಗ ಹೊಳೆಯಿತು. ನಿಜವಾದ ಎದುರಾಳಿ ಅವಳ ಮಡಿಲಲ್ಲಿ ಕೂತು ಬೆರಳು ಚೀಪುತ್ತಿತ್ತು. ಅವನು ಉತ್ತರ ಹುಡುಕುತ್ತಿದ್ದಂತೆಯೇ, ಬಸ್ಸಿನ ಸೆಕೆಗೂ ಬಿಸಿಲಿಗೂ ಕಾದು ಕೆಂಪಾಗಿದ್ದ ಮಗು ಬಲಕ್ಕೆ ಸೆಟೆದುಕೊಂಡಿತು.

ಅವನು ರತ್ನಳ ಕೈಯಿಂದ ಮಗುವನ್ನು ಎತ್ತಿಕೊಂಡು ನೆರಳಿಗೆ ಓಡಿ, ತೊಡೆಯ ಮೇಲೆ ಮಗ್ಗುಲಾಗಿ ಮಲಗಿಸಿ, ಅದರ ಅಂಗಿ ಬಿಚ್ಚಿದ. ಮನೆಯೊಡತಿ ಗಂಗುಲಮ್ಮ ಸೊಂಟದ ಕೀಲಿಗೊಂಚಲು ಕಿತ್ತುಕೊಂಡು ಬಂದಳು. "ಬೀಗದ ಕೈ ಹಿಡಿಸ್ರಪ್ಪೋ!"

"ಬೇಡಿ ಗಂಗುಲಮ್ಮೋರೇ, ತಣ್ಣೀರು ತನ್ನಿ!"

ಅವನು ಪಂಚೆಯ ತುದಿ ಅದ್ದಿ ಮಗುವಿನ ಹಣೆ, ಕತ್ತು, ಎದೆ ಒರೆಸಿದ. ಬಾಯಿಂದ ಸೋರಿದ ಜೊಲ್ಲನ್ನೂ ಒರೆಸಿದ. "ಆಯ್ತಮ್ಮ, ಆಯ್ತು, ನಮ್ಮಮ್ಮ ಅಲ್ವಾ" ಎಂದು, ಯಾರಿಗೂ ಎಂದೂ ಆಡದ ದನಿಯಲ್ಲಿ ಹೇಳುತ್ತಲೇ ಇದ್ದ. ಬಹಳ ಹೊತ್ತಾದ ಮೇಲೆ ಸೆಳೆತ ಸಡಿಲವಾಯಿತು. ಮಗು ದೊಡ್ಡದೊಂದು ಉಸಿರು ಬಿಟ್ಟು ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆಗಿಳಿಯಿತು.

"ಬಾಮ್ಮ, ಚಿಕ್ಕಮ್ಮನ ಹತ್ರ ಬಾ," ರತ್ನ ಕೈ ಚಾಚಿದಳು. ಮುಷ್ಟಿ ಬಿಡಲಿಲ್ಲ. ಇನ್ನೊಂದು ಸಲ ಎಳೆದಳು. ಮಗು ಗೊಣಗಿ, ಮುಖವನ್ನು ಅವನೆದೆಗೇ ಒತ್ತಿಕೊಂಡಿತು.

ರತ್ನಳ ಹುಬ್ಬು ಗಂಟಾಯಿತು, ಮೂಗಿನ ಹೊಳ್ಳೆ ಅರಳಿತು. ಮುನಿನಾರಾಯಣಪ್ಪ ಅವಳನ್ನೇ ನೋಡಿದ. ತಿಂಗಳುಗಟ್ಟಲೆ ತಾನೇ ಸಾಕಿದ್ದು, ಗುರುತು ಸಿಗದೆ ಇರುತ್ತದೆಯೇ?

"ಹೊಟ್ಟೆಕಿಚ್ಚಾ?"

"ಹೌದು. ಮೂರು ವರ್ಷ ಎತ್ತಿ ಆಡ್ಸಿರೋಳು ನಾನು. ಏನೀಗ?"

"ಏನಿಲ್ಲ. ಇಬ್ರೂ ಬನ್ನಿ ಅಂತ ಹೇಳೋಣ ಅಂತಿದ್ದೆ."

ಅವಳು, ಗಂಗುಲಮ್ಮ ನೋಡುತ್ತಿರುವುದನ್ನೂ ಲೆಕ್ಕಿಸದೆ, ಅವನ ಮಗ್ಗುಲಿಗೇ ಬಂದು ಕೂತಳು.

"ಕಾಲಾದ್ರೂ ಇತ್ತ ಕೊಡು," ಎಂದು ಮಗುವಿನ ಪುಟ್ಟ ಪಾದಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು.