ಹುಲ್ಲಿನ ಹೊರೆಯ ಮಿಡತೆಗಳು

ಸಿಕ್ಕಿದ್ದು ಒಂದೇ ಚಪ್ಪಲಿ. ಎಡಗಾಲಿನದು. ಪಟ್ಟಿಯ ಮೇಲೆ ರಕ್ತ.

ಭದ್ರಾವತಿಯ ಹೊರಗೆ, ಬೇಲಿ ಹಾಕಿದ ಹುಲ್ಲುಗಾವಲಿನ ಅಂಚಿನಲ್ಲಿ ಅದು ಬಿದ್ದಿತ್ತು. ಶಿವಮೊಗ್ಗದ ವಿದ್ಯಾನಗರದ ಲೆಕ್ಚರರ್ ಪ್ರಿಯಂವದಾ ಅವರದು. ದನ ಮೇಯ್ದ ಕಡೆ ಎಷ್ಟು ಹುಳ ಉಳಿಯುತ್ತವೆ, ಹುಲ್ಲು ಕೊಯ್ದ ಕಡೆ ಎಷ್ಟು ಎಂದು ಇಲ್ಲಿ ಎಣಿಸುತ್ತಿದ್ದರು. ನಿನ್ನೆ ಮಧ್ಯಾಹ್ನದಿಂದ ನಾಪತ್ತೆ.

ನಾನು ಹೆಡ್ ಕಾನ್‌ಸ್ಟೇಬಲ್ ವೀರೇಂದ್ರ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಬೇಕಾದಷ್ಟು ಹೆಣ ಕಂಡಿದ್ದೇನೆ. ಆದರೂ ಆ ಒಂಟಿ ಚಪ್ಪಲಿಯನ್ನು ಮತ್ತೆ ಮತ್ತೆ ತಿರುಗಿ ನೋಡಿದೆ. ಬೋಳು ಗಾವಲಿನಲ್ಲಿ ಒಂದು ಹುಳದ ಸದ್ದೂ ಇರಲಿಲ್ಲ.

ಜೀಪಿನಲ್ಲಿ ದನ ಕಾಯುವ ಏಕಾಂತಪ್ಪ ಕೂತಿದ್ದ. ಮೊನ್ನೆ ಅವನು ಪ್ರಿಯಂವದಾ ಮೇಲೆ ಕೂಗಾಡಿದ್ದನ್ನು ಸುತ್ತಲಿನವರೆಲ್ಲ ಕೇಳಿದ್ದರು. ಅವನ ಕುಡುಗೋಲೂ ನಮ್ಮ ಕೈಯಲ್ಲಿತ್ತು. ನನ್ನ ಮಟ್ಟಿಗೆ ಕೇಸು ಮುಗಿದಿತ್ತು.

ಎಸ್‌ಐ ಸುಮನಾ ಮೇಡಂಗೆ ಮುಗಿದಿರಲಿಲ್ಲ.

*

"ಈ ಹುಲ್ಲು ಯಾವಾಗ ಕೊಯ್ದಿದ್ದು?"

"ನಿನ್ನೆ ಬೆಳಿಗ್ಗೆ," ಎಂದ ಪ್ರಿಯಂವದಾ ಅವರ ಸಹಾಯಕ ಜ್ಞಾನೇಶ್. "ಅವರೇ ನಿಂತು ಕೊಯ್ಸಿದ್ರು ಮೇಡಂ. ಆಗ್ಲೇ ಹೊರೆ ಕಟ್ಸಿ ಅಲ್ಲಿ ಒಟ್ಸಿದ್ರು. ಆಮೇಲೆ ನಾನು ಬಸ್ ಹತ್ತಿ ಶಿವಮೊಗ್ಗಕ್ಕೆ, ಆಲ್ಕೊಳದ ನನ್ನ ರೂಮಿಗೆ ಹೋದೆ."

"ಅವರು?"

"ಇಲ್ಲೇ ಇದ್ರು. ಏಕಾಂತಪ್ಪ ಬೇಲಿ ಹತ್ರಾನೇ ಸುತ್ತಾಡ್ತಿದ್ದ."

ಅವನ ಕಣ್ಣು ಕೆಂಪಾಗಿತ್ತು. ಪಾಪ, ಅತ್ತಿರಬೇಕು ಎಂದುಕೊಂಡೆ ನಾನು.

ಸುಮನಾ ಮೇಡಂ ಜೀಪಿನ ಬಳಿ ಹೋದರು. "ಜಗಳ ಯಾಕಪ್ಪ?"

"ಹುಲ್ಲಿಗೆ ಮೇಡಮ್ಮೋರೇ," ಎಂದ ಏಕಾಂತಪ್ಪ. "ಟೀಚರಮ್ಮ ಕೊಯ್ಸಿದ್ದನ್ನ ಎರಡು ದಿನ ನೆಲದ ಮೇಲೇ ಬಿಡೋರು. ಹುಳ ಎಲ್ಲ ಇಳ್ಕೊಂಡು ಹೋಗ್ಲಿ, ಆಮೇಲೆ ನಿನ್ನ ದನಕ್ಕೆ ತಗೊಂಡು ಹೋಗು ಅನ್ನೋರು. ಅಷ್ಟೊತ್ತಿಗೆ ಒಣಗಿರೋದು. ಹಸೀದು ಕೊಡ್ರಮ್ಮ ಅಂತ ಕೂಗಾಡ್ದೆ. ಅಷ್ಟೇ."

"ಒಂದ್ಸಲಾನೂ ಬೇಗ ಎತ್ತಿಸಿಲ್ವಾ?"

"ಎರಡು ವರ್ಷದಲ್ಲಿ ಒಂದ್ಸಲಾನೂ ಇಲ್ಲ."

ಮೇಡಂ ಹೊರೆಗಳ ಕಡೆ ಓಡಿದರು. "ವೀರೇಂದ್ರ, ಬಿಚ್ಚಿ!"

ಹಗ್ಗ ಬಿಚ್ಚಿದೆ. ಮಿಡತೆಗಳು ಚಿಮ್ಮಿ ಮುಖಕ್ಕೇ ಬಡಿದವು. ಒಳಗೆ ಕಂಬಳಿಹುಳಗಳು ಜಜ್ಜಿಹೋಗಿದ್ದವು. ಕಿರುಚಿಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

"ಹುಳಕ್ಕೋಸ್ಕರ ಎರಡು ದಿನ ಕಾಯೋರು ಹೀಗೆ ಕಟ್ಟಿಸ್ತಾರಾ?" ಮೇಡಂ ಹೊರೆ ಎಳೆಯುತ್ತಲೇ ಹೇಳಿದರು. "ಕಟ್ಟುವಾಗ ಅವರು ಇರ್ಲೇ ಇಲ್ಲ. ಎತ್ತರದ ಹುಲ್ಲಲ್ಲಿ ಅವರನ್ನ ಎಳ್ಕೊಂಡು ಬಂದ ಗುರುತು ಬಿದ್ದಿರ್ಬೇಕು. ಅದನ್ನ ಅಳಿಸೋಕೆ ಕೊಯ್ದಿದ್ದು. ಏಕಾಂತಪ್ಪಂಗೆ ಅವರ ಪದ್ಧತಿ ಗೊತ್ತು. ಅದು ಗೊತ್ತಿಲ್ದೇ, ಅವರೇ ಕಟ್ಸಿದ್ರು ಅಂತ ಸುಳ್ಳು ಹೇಳಿದ್ದು ಜ್ಞಾನೇಶ್!"

ಜ್ಞಾನೇಶ್ ರಸ್ತೆಯ ಕಡೆ ಓಟ ಕಿತ್ತ. ನಮ್ಮ ಡ್ರೈವರ್ ಅವನನ್ನು ಹಿಡಿದು ಕೆಡವಿದ.

ಹೊರೆಗಳ ಕೆಳಗೆ ಹಳೆಯ ನೀರಿನ ತೊಟ್ಟಿ. ಮೇಲೆ ಕಲ್ಲುಚಪ್ಪಡಿ. ಒಳಗೆ ಏನು ನೋಡಬೇಕೋ ಎಂದು ನಾನು ಹಿಂದೆ ಸರಿದೆ. ಜೀಪಿನಿಂದ ಓಡಿಬಂದ ಏಕಾಂತಪ್ಪ ಚಪ್ಪಡಿ ತಳ್ಳಿದ.

ಪ್ರಿಯಂವದಾ ಮುದುಡಿ ಬಿದ್ದಿದ್ದರು. ತಲೆಯ ಗಾಯ ಕಪ್ಪಗಾಗಿತ್ತು. ಎದೆ ಮಾತ್ರ ಮೆಲ್ಲಗೆ ಏರಿಳಿಯುತ್ತಿತ್ತು.

*

ಜ್ಞಾನೇಶ್ ಬಾಯಿಬಿಟ್ಟ. ಎರಡು ವರ್ಷ ಗಾವಲಿಗೆ ಬಾರದೆ, ತನ್ನ ಪಾಲಿನ ಹುಳಗಳ ಎಣಿಕೆಯನ್ನು ರೂಮಿನಲ್ಲಿ ಕೂತೇ ಬರೆದು ಕೊಟ್ಟಿದ್ದ. ಅದು ಪ್ರಿಯಂವದಾ ಅವರಿಗೆ ಗೊತ್ತಾಗಿತ್ತು. ನಿನ್ನೆ ಇಲ್ಲಿಗೇ ಕರೆಸಿ ಕೇಳಿದಾಗ ಕಲ್ಲೆತ್ತಿ ಹೊಡೆದ, ಸತ್ತರೆಂದುಕೊಂಡ. ಕೊಯ್ಲಿನ ದಿನ ಒಮ್ಮೆಯಾದರೂ ಬಂದಿದ್ದರೆ ಅವನು ಆ ಹೊರೆ ಕಟ್ಟುತ್ತಿರಲಿಲ್ಲ.

ಆಂಬುಲೆನ್ಸಿಗೆ ಎತ್ತುವಾಗ ಪ್ರಿಯಂವದಾ ಕಣ್ಣು ತೆರೆದರು. ಬೋಳು ಗಾವಲನ್ನು ನೋಡಿದರು.

"ಹುಲ್ಲು... ಇಷ್ಟು ಬೇಗ ಯಾರು ಎತ್ತಿದ್ದು?"

ಏಕಾಂತಪ್ಪ ಅಳುತ್ತಿದ್ದ. "ನಾನಲ್ಲ ಟೀಚರಮ್ಮ," ಎಂದ. "ಇನ್ಮೇಲೆ ನಂಗೆ ಒಣಗಿದ್ದೇ ಕೊಡಿ."