ಅಟ್ಟಕ್ಕೇರದ ಪುಸ್ತಕ

"ಏನಿದು ಮಹಮೂದಾ? ನಾನು ಪುಸ್ತಕ ಕೊಟ್ಟಿದ್ದು ಕಾಪಾಡೋಕೋ, ಕೊಳೆಸೋಕೋ?"

ವಾಚನಾಲಯದಲ್ಲಿ ಪೇಪರ್ ಓದುತ್ತಿದ್ದವರೆಲ್ಲ ತಲೆಯೆತ್ತಿದರು. ಷಡಕ್ಷರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಅವಳು ಮೇಜಿನ ಮೇಲಿಟ್ಟ ಗೋಣಿಚೀಲದಲ್ಲಿ ಆತ್ಮಕಥೆ, ಜೀವನಚರಿತ್ರೆಗಳ ಒಂದಿಡೀ ಸಾಲೇ ಇತ್ತು. ಒಂದೊಂದರ ಮೈಮೇಲೂ ಹಸಿರು ಬೂಸ್ಟು. ಮಹಮೂದಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದಳು.

ಕಳಸದ ಆ ವಾಚನಾಲಯಕ್ಕೆ ತನ್ನದೇ ಒಂದು ಪದ್ಧತಿಯಿತ್ತು. ಮಳೆ ಹಿಡಿದರೆ ಗೋಡೆಗಳೆಲ್ಲ ಒಸರುತ್ತಿದ್ದವು. ಅದಕ್ಕೆ ಮುಂಗಾರಿನ ಹೊತ್ತಿಗೆ ಬಾಗಿಲು ಹಾಕಿ, ಪುಸ್ತಕಗಳನ್ನು ಓದುಗರ ಮನೆಗಳಿಗೆ ಹಂಚಿಬಿಡುತ್ತಿದ್ದರು. ಅವರು ಅವನ್ನು ಒಲೆಯ ಮೇಲಿನ ಅಟ್ಟದಲ್ಲಿಡಬೇಕು. ಹೊಗೆ ತಾಗುತ್ತಿದ್ದರೆ ಬೂಸ್ಟು ಹತ್ತಿರ ಸುಳಿಯುವುದಿಲ್ಲ. ನವರಾತ್ರಿ ಕಳೆದ ಮೇಲೆ ಹಿಂತಿರುಗಿಸುವಾಗ, ಆ ವರ್ಷ ಓದಿದ್ದರಲ್ಲಿ ತುಂಬ ಇಷ್ಟವಾದದ್ದು ಯಾವುದೆಂದು ಹೇಳಬೇಕು. ಅದಕ್ಕೆ ಸಾಲಿನಲ್ಲಿ ಮೊದಲ ಜಾಗ. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಷಡಕ್ಷರಿ, ಎದುರಿನ ಬಟ್ಟೆ ಅಂಗಡಿಯ ಸೋಮಶೇಖರಪ್ಪನವರ ಮಗ.

ಜೀಪ್ ಗ್ಯಾರೇಜಿನ ಮೊಹಿದ್ದೀನರ ಮಗಳು ಮಹಮೂದಾ ಬೇರೇನನ್ನೂ ಓದುವವಳಲ್ಲ. ಅವಳಿಗೆ ಬದುಕಿ ಹೋದವರ ಕಥೆಯೇ ಆಗಬೇಕು. ಪುಸ್ತಕ ಒಯ್ಯುವ ಮೊದಲು, "ಇವ್ರು ಇದ್ದಾರಾ, ಹೋದ್ರಾ?" ಎಂದು ಕೇಳುವಳು. ಆತ್ಮಕಥೆಯಾದರೆ ಬರೆದು ಮುಗಿಸೋ ತನಕವಂತೂ ಗಟ್ಟಿಯಾಗಿದ್ದರು ಎಂದು ಅವನು ಗಂಭೀರವಾಗಿ ಹೇಳುವನು. ಸುತ್ತ ಜನರಿದ್ದುದರಿಂದ ಅವಳು ತುಟಿ ಬಿಗಿಹಿಡಿದು ಕಣ್ಣಲ್ಲೇ ನಗುತ್ತಿದ್ದಳು. ಆ ನಗು ಅವನಿಗೆ ಒಂದು ವಾರಕ್ಕೆ ಸಾಕಾಗುತ್ತಿತ್ತು.

ಅವಳ ಮನೆಯಿಂದ ಬಂದ ಪುಸ್ತಕಗಳಿಗೆ ಕಟ್ಟಿಗೆಯ ಹೊಗೆಯ ಜೊತೆ ಲೋಬಾನದ ವಾಸನೆಯಿರುತ್ತಿತ್ತು. ಗುರುವಾರ ಸಂಜೆ ಅವಳು ಮನೆಗೆಲ್ಲ ಹಾಕುವ ಧೂಪ. ಯಾರೂ ಇಲ್ಲದಾಗ ಷಡಕ್ಷರಿ ಪುಸ್ತಕ ಬಿಡಿಸಿ ಅದರಲ್ಲಿ ಮುಖವಿಡುತ್ತಿದ್ದ. ಪ್ರೀತಿ ಅಲ್ಲಿಯವರೆಗೆ ಬಂದು ನಿಂತಿತ್ತು, ಮುಂದೆ ಹೋಗಿರಲಿಲ್ಲ.

ಎಪ್ಪತ್ತೊಂಬತ್ತರ ಈ ಮಳೆಗಾಲದ ಪುಸ್ತಕಗಳಲ್ಲಿ ಆ ವಾಸನೆಯೇ ಇರಲಿಲ್ಲ.

"ಮೊಹಿದ್ದೀನ್ ಸಾಹೇಬ್ರು ಹೋದ್ರಲ್ಲ ಮಾರಾಯ," ಎಂದರು ಪೇಪರ್ ಮಡಿಸುತ್ತ ನಿವೃತ್ತ ಮೇಷ್ಟ್ರು ಮಂಜಯ್ಯ. "ನಿಂಗೆ ಗೊತ್ತಿರ್ಲಿಲ್ವಾ?"

ಅವನಿಗೆ ಗೊತ್ತಿರಲಿಲ್ಲ. ಮಳೆಗಾಲವಿಡೀ ತರೀಕೆರೆಯಲ್ಲಿ ಮಾವನ ಅಂಗಡಿ ನೋಡಿಕೊಂಡಿದ್ದು, ಹಿಂದಿನ ದಿನವಷ್ಟೇ ಊರಿಗೆ ಬಂದಿದ್ದ. ಮಂಜಯ್ಯನವರೇ ಎಲ್ಲ ಹೇಳಿದರು. ಆಷಾಢದಲ್ಲಿ ಮೊಹಿದ್ದೀನರನ್ನು ಚಿಕ್ಕಮಗಳೂರಿನ ಆಸ್ಪತ್ರೆಗೆ ಸೇರಿಸಿದ್ದು, ಮಗಳು ಮಂಚದ ಬಳಿಯೇ ಕೂತದ್ದು, ಗುಡ್ಡ ಜರಿದು ರಸ್ತೆ ಬಂದಾಗಿ ಅಲ್ಲೇ ಮಣ್ಣು ಮಾಡಿದ್ದು. ಮಳೆ ಮುಗಿಯುವ ತನಕ ಅವಳ ಮನೆಯಲ್ಲಿ ಒಲೆ ಹಚ್ಚಲು ಯಾರೂ ಇರಲಿಲ್ಲ. ಷಡಕ್ಷರಿಗೆ ಕೂತ ಜಾಗವೇ ಚುಚ್ಚತೊಡಗಿತು.

ಆ ಸಂಜೆಯೇ ಅವಳ ಮನೆಗೆ ಹೋದ. ಜಗಲಿಯಲ್ಲಿ ಟ್ರಂಕು, ಹಾಸಿಗೆಯ ಸುರುಳಿ ಇದ್ದವು. ಭದ್ರಾವತಿಯಿಂದ ಬಂದ ಸೋದರಮಾವ ಗ್ಯಾರೇಜಿಗೆ ಹೋಗಿದ್ದರು. ಮಹಮೂದಾ ಬಾಗಿಲಲ್ಲಿ ನಿಂತಳು.

"ತಪ್ಪಾಯ್ತು. ನಂಗೆ ಗೊತ್ತಿರ್ಲಿಲ್ಲ."

"ಬೂಸ್ಟು ಹಿಡಿದಿದ್ದಂತೂ ನಿಜ ಅಲ್ವಾ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.

ಒಂದು ಪುಸ್ತಕವನ್ನು ಮಾತ್ರ ಅವಳು ಆಸ್ಪತ್ರೆಗೆ ಒಯ್ದಿದ್ದಳು. ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದವನೊಬ್ಬನ ಆತ್ಮಕಥೆ. ಅಬ್ಬಾನಿಗೆ ಓದಿ ಹೇಳುತ್ತಿದ್ದಳಂತೆ. ಅವನು ಪರದೆಯ ಹಿಂದೆ, ನಾನು ಜೀಪಿನ ಅಡಿಯಲ್ಲಿ, ನಮ್ಮ ಮುಖ ಯಾರು ನೋಡಿದ್ದಾರೆ ಎಂದು ಅವರು ನಕ್ಕಿದ್ದರಂತೆ. ಮುಗಿದ ಕೂಡಲೇ ಮೊದಲಿಂದ ಓದು ಎಂದಿದ್ದರು.

"ಎರಡನೇ ಸಲ ಮುಗಿಯೋ ತನಕ ಅಬ್ಬಾ ಇರ್ಲಿಲ್ಲ," ಎಂದು ಪುಸ್ತಕ ಮುಂದೆ ಚಾಚಿದಳು. "ಈ ವರ್ಷ ನಂಗೆ ಇಷ್ಟವಾದದ್ದು ಇದೇ. ಸಾಲಿನಲ್ಲಿ ಮೊದಲು ಇಡಿ."

ಅವಳು ಮರುದಿನ ಬೆಳಗಿನ ಬಾಳೆಹೊನ್ನೂರು ಬಸ್ಸಿಗೆ ಹೊರಡುವುದಿತ್ತು. ಮಾವ ಭದ್ರಾವತಿಯಲ್ಲಿ ಗಂಡು ನೋಡಿದ್ದರು.

"ಹೋಗ್ಬೇಡಿ," ಎಂದ ಷಡಕ್ಷರಿ. "ನಂಗೆ ನೀವು ಬೇಕು ಮಹಮೂದಾ."

ಅವಳು ಅವನನ್ನೇ ನೋಡಿದಳು. ಈ ಸಲ ನೋಟ ತಪ್ಪಿಸಲಿಲ್ಲ. ಕಣ್ಣು ತುಂಬಿಬಂದರೂ ಹಳೆಯ ನಗು ಒಂದಿಷ್ಟು ಅಲ್ಲೇ ಇತ್ತು.

"ನೀವು ಪುಸ್ತಕ ಮೂಸೋದನ್ನ ವಾಚನಾಲಯದ ಬಾಗಿಲಲ್ಲಿ ನಿಂತು ಒಂದ್ಸಲ ನೋಡಿದ್ದೆ. ಆಮೇಲೆ ಪ್ರತಿ ಗುರುವಾರ ಅಟ್ಟದಿಂದ ಇಳಿಸಿ ಲೋಬಾನದ ಪಕ್ಕದಲ್ಲೇ ಇಡ್ತಿದ್ದೆ."

ಅವನು ಕೈಯಲ್ಲಿದ್ದ ಪುಸ್ತಕದ ಕಡೆ ನೋಡಿದ. ಅವಳೇ ಮುಂದುವರಿಸಿದಳು. "ಇವತ್ತು ಎಲ್ಲರ ಮುಂದೆ ಬೈದ್ರಿ. ಇದನ್ನೂ ನಾಳೆ ಬಸ್‌ಸ್ಟ್ಯಾಂಡಲ್ಲಿ ಎಲ್ಲರ ಮುಂದೆ ಹೇಳಿ. ಹೇಳಿದ್ರೆ ನಾನು ಬಸ್ ಹತ್ತಲ್ಲ."

ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಬಸ್ಸು ನಿಂತದ್ದು ಸೋಮಶೇಖರಪ್ಪನವರ ಅಂಗಡಿಯ ಎದುರಿಗೇ. ಟ್ರಂಕು ಮೇಲೇರಿತು. ಮಹಮೂದಾ ಬಸ್ಸಿನ ಮೆಟ್ಟಿಲಿಗೆ ಒಂದು ಕಾಲಿಟ್ಟು ಅವನತ್ತ ತಿರುಗಿ ನಿಂತಳು. ಷಡಕ್ಷರಿ ರಾತ್ರಿಯಿಡೀ ಜೋಡಿಸಿಕೊಂಡಿದ್ದ ಮಾತು ಬಾಯಿಗೆ ಬಂದಿತ್ತು. ಆಗಲೇ ಅಪ್ಪ ಊದುಬತ್ತಿ ಹಿಡಿದು ಅಂಗಡಿಯ ಬಾಗಿಲಿಗೆ ಬಂದರು. ಮುಂದಿನ ವಾರ ಷಡಕ್ಷರಿಯ ತಂಗಿಯ ನಿಶ್ಚಿತಾರ್ಥವಿತ್ತು.

"ಅದು ಮೊಹಿದ್ದೀನನ ಮಗಳಲ್ವೇನೋ?"

"ಇರ್ಬೇಕು," ಎಂದ ಷಡಕ್ಷರಿ.

ಅದು ಎಲ್ಲರಿಗೂ ಕೇಳಿಸಿತು, ಅವಳಿಗೂ. ಮಹಮೂದಾ ಇನ್ನೊಂದು ಕಾಲನ್ನೂ ಮೇಲಿಟ್ಟು ಒಳಗೆ ಹೋಗಿ ಕೂತಳು. ಬಸ್ಸು ತಿರುವು ದಾಟಿದ ಮೇಲೂ ಅವನು ಅಲ್ಲೇ ನಿಂತಿದ್ದ.

ಮುಂದಿನ ಮುಂಗಾರಿಗೆ ಆತ್ಮಕಥೆಗಳ ಸಾಲನ್ನು ಅವನೇ ಮನೆಗೊಯ್ದು ಅಟ್ಟಕ್ಕೇರಿಸಿದ. ಪರದೆ ಎಳೆಯುವವನ ಪುಸ್ತಕವನ್ನು ಮಾತ್ರ ಏರಿಸಲು ಕೈ ಬರಲಿಲ್ಲ. ಅದರ ಹೊಲಿಗೆಯ ಸಂದಿನಲ್ಲಿ, ಆಸ್ಪತ್ರೆಯ ಫಿನಾಯಿಲ್ ವಾಸನೆಯ ಕೆಳಗೆ, ಲೋಬಾನ ಇನ್ನೂ ಒಂದಿಷ್ಟು ಉಳಿದಿತ್ತು. ಅಮ್ಮನ ಒಲೆಯ ಹೊಗೆ ತಾಗಿದರೆ ಅದೂ ಹೋಗುತ್ತದೆಂದು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟ.

ನವರಾತ್ರಿ ಕಳೆದು ಬಿಚ್ಚಿದಾಗ ಹಾಳೆಗಳು ಒಂದಕ್ಕೊಂದು ಅಂಟಿ, ಹಸಿರು ಹಿಡಿದು ಹೋಗಿದ್ದವು. ಮೂಗಿಗೆ ಸಿಕ್ಕಿದ್ದು ಬರೀ ಶೀತದ ನಾತ. ಹಾಗೆಯೇ ತಂದು ಸಾಲಿನಲ್ಲಿ ಮೊದಲು ಇಟ್ಟ.

ಮಂಜಯ್ಯನವರು ಅದನ್ನು ಎತ್ತಿ ನೋಡಿ ಮುಖ ಸಿಂಡರಿಸಿದರು. "ಇದು ಯಾರ ಮನೇಲಿತ್ತು ಮಾರಾಯ? ಅಲ್ಲಿ ಒಲೆ ಹಚ್ಚೋರೇ ಇರ್ಲಿಲ್ವಾ?"

ಓದುತ್ತಿದ್ದವರೆಲ್ಲ ತಲೆಯೆತ್ತಿದರು.

"ನಮ್ಮನೇಲೇ ಇತ್ತು," ಎಂದ ಷಡಕ್ಷರಿ, ಎಲ್ಲರಿಗೂ ಕೇಳುವ ಹಾಗೆ. "ಮಹಮೂದಾಂದು. ನಾನೇ ಹಾಳು ಮಾಡಿದೆ."